ಒಂದು ತಲೆ ಕಮ್ಮಿ

ಮೂರು ಮಂದಿ ಕಾಲು ಚಾಚಿದರೆ ನಾಲ್ಕನೆಯವರು ಬಾಗಿಲು ತೆಗೆಯುವ ಹಾಗಿಲ್ಲ, ಅಂಥ ಕೋಣೆ ನಮ್ಮದು. ನಾನು, ಗಂಡ, ಇಬ್ಬರು ಹೆಣ್ಣುಮಕ್ಕಳು. ಅದರಲ್ಲೇ ಒಲೆ, ಅದರಲ್ಲೇ ನನ್ನ ಇಸ್ತ್ರಿ ಮೇಜು, ಮೇಜಿನ ಕೆಳಗೆ ಮಕ್ಕಳ ಹಾಸಿಗೆ. ಇಸ್ತ್ರಿಗೆ ಬಂದ ಬಟ್ಟೆಗಂಟುಗಳಿಗಿದ್ದ ಮರ್ಯಾದೆ ನಮಗಿರಲಿಲ್ಲ. ಮೊದಲು ಅಮ್ಮನೂ ನಮ್ಮ ಜೊತೆಗೇ ಇದ್ದಳು. ಎರಡು ವರ್ಷದ ಹಿಂದೆ ಚಿಕ್ಕವಳು ಹುಟ್ಟಿದಾಗ, "ಸ್ವಲ್ಪ ದಿನ ಅಣ್ಣನ ಮನೇಲಿರಮ್ಮ" ಎಂದು ಕಳಿಸಿಬಿಟ್ಟೆ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮುಗಿಸಬೇಕು ಅಂತ ನನಗೂ ಅನ್ನಿಸಿರಲಿಲ್ಲ, ಸುಳ್ಳೇಕೆ ಹೇಳಲಿ.

ನಗರಸಭೆಯವರು ಎರಡು ಕೋಣೆಯ ಮನೆ ಕೊಡುತ್ತಾರೆಂದು ಗೊತ್ತಾದಾಗ ಅರ್ಜಿ ಬರೆಸಲು ಟೈಪಿಸ್ಟ್ ಹತ್ತಿರ ಹೋದೆ. 'ಕಾರಣ' ಎಂದಿದ್ದ ಕಡೆ ಅವನು ಇಂಗ್ಲಿಷಿನ ಉದ್ದನೆಯ ಪದವೊಂದನ್ನು ಕುಟ್ಟಿದ.

"ಓವರ್‌ಕ್ರೌಡಿಂಗ್. ಅಂದ್ರೆ ಕಿಕ್ಕಿರಿದು ತುಂಬಿರೋದು" ಎಂದ.

"ನಮ್ಮನೆ ನೋಡ್ಕೊಂಡೇ ಮಾಡಿರೋ ಪದ ಬಿಡಪ್ಪ."

"ಅಷ್ಟು ಸುಲಭ ಅಲ್ಲಕ್ಕ. ಆಫೀಸಿನವರ ಪ್ರಕಾರ ಒಂದು ಕೋಣೆಗೆ ಮೂರು ತಲೆಗಿಂತ ಜಾಸ್ತಿ ಇದ್ರೆ ಮಾತ್ರ ಓವರ್‌ಕ್ರೌಡಿಂಗ್. ಹತ್ತು ವರ್ಷದ ಒಳಗಿನ ಮಕ್ಕಳು ಅರ್ಧರ್ಧ ತಲೆ. ನಿಮ್ಮದು ಸರಿಯಾಗಿ ಮೂರೇ ಆಯ್ತು."

ಮೈಯೆಲ್ಲ ಉರಿದುಹೋಯಿತು. "ಅರ್ಧ ತಲೆಯಂತೆ, ಅರ್ಧ ತಲೆ! ಅವು ಒದೆಯೋದು ಮಾತ್ರ ಎರಡೆರಡು ಕಾಲಲ್ಲಿ, ಅದನ್ನೂ ಬರಿ ಅಲ್ಲಿ" ಎಂದೆ. ಅವನು ನಕ್ಕ. ಆಮೇಲೆ ದನಿ ತಗ್ಗಿಸಿ, "ಮನೇಲಿ ಇನ್ಯಾರೂ ದೊಡ್ಡವರಿಲ್ವಾ?" ಎಂದು ಕೇಳಿದ.

ಮಾರನೆಯ ದಿನವೇ ಅಣ್ಣನ ಮನೆಗೆ ಓಡಿದೆ. "ನೀನಿಲ್ದೆ ಮನೆ ಬಿಕೋ ಅಂತಿದೆ, ಬಾರಮ್ಮ" ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅಮ್ಮ ಬಸ್ಸಿನಲ್ಲಿ ಪಕ್ಕದವಳಿಗೆ, "ಮಗಳು ಬಿಡ್ಲೇ ಇಲ್ಲ, ಬಾ ಬಾ ಅಂತ ಹಟ ಹಿಡಿದ್ಳು" ಎಂದು ಹೇಳಿದ್ದೇ ಹೇಳಿದ್ದು. ಬಂದವಳು ಒಂದು ದಿನವೂ ಸುಮ್ಮನೆ ಕೂರಲಿಲ್ಲ. ಕಿತ್ತುಹೋದ ಗುಂಡಿ ಹೊಲಿದಳು, ಬಟ್ಟೆ ವಿಂಗಡಿಸಿದಳು. ಮೊಮ್ಮಕ್ಕಳ ಜೊತೆ ಮೇಜಿನ ಕೆಳಗೇ ಮುದುಡಿ ಮಲಗಿ, "ಅರಮನೆ ಕಣ್ರೇ ಇದು" ಎಂದಳು.

ಒಂಬತ್ತನೆಯ ದಿನ ಇನ್‌ಸ್ಪೆಕ್ಟರ್ ಬಂದರು. ಪಾಪ, ಒಳ್ಳೆಯವರು. ಟೇಪು ಹಿಡಿದು ಕೋಣೆ ಅಳೆದರು, ತಲೆ ಎಣಿಸಿ, "ಓವರ್‌ಕ್ರೌಡಿಂಗ್, ಸರಿಯಾಗಿದೆ" ಎಂದರು. ಅಮ್ಮ ಅವರಿಗೆ ಟೀ ಕೊಡುತ್ತ, "ಅದೇನಪ್ಪ ಹಾಗಂದ್ರೆ?" ಎಂದು ಕೇಳಿದಳು. ಅವರು ಮಕ್ಕಳಿಗೆ ಪಾಠ ಹೇಳುವಂತೆ ಬಿಡಿಸಿ ಹೇಳಿದರು. ಮೂರು ತಲೆಯಿದ್ದರೆ ಆ ಪದ ಬಳಸುವಂತಿಲ್ಲ, ನಾಲ್ಕಾದರೆ ಬಳಸಬಹುದು.

"ನೀವಿರೋದ್ರಿಂದ್ಲೇ ನಿಮ್ಮ ಮಗಳಿಗೆ ಮನೆ ಸಿಗುತ್ತೆ ಅಜ್ಜಿ. ಆದ್ರೆ ಖಾಯಂ ಇಲ್ಲೇ ಇರೋರನ್ನ ಮಾತ್ರ ನಾನು ಎಣಿಸ್ಬೇಕು. ನೀವು ಯಾವಾಗಿಂದ ಇದ್ದೀರಿ?"

ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿಹೋಯಿತು. ನಾನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟೆ. ಅವಳು ನಿಜ ಹೇಳಿದರೆ ಮನೆ ಹೋಯಿತು.

"ಮೊದಲಿಂದ್ಲೂ ಇಲ್ಲೇ ಇದೀನಪ್ಪ" ಎಂದಳು ಅಮ್ಮ. "ಇವಳು ನನ್ನನ್ನ ಒಂದು ದಿನಕ್ಕೂ ಆಚೆ ಕಳಿಸಿದವಳಲ್ಲ."

ಅವರು ಹಾಗೇ ಬರೆದುಕೊಂಡು ರುಜು ಹಾಕಿದರು. ಅವರು ಹೋದ ಮೇಲೆ ಅಮ್ಮ ಬಯ್ಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಲೋಟ ತೊಳೆದಿಟ್ಟು ಸಂಜೆಯ ಬಸ್ಸಿಗೆ ಹೊರಟು ನಿಂತಳು. "ಇರಮ್ಮ" ಎಂದೆ. "ಕೆಲಸ ಆಯ್ತಲ್ಲ ಮಗಳೇ" ಎಂದಳು, ಅಷ್ಟೇ.

ಮನೆ ಸಿಕ್ಕಿತು. ಎರಡು ಕೋಣೆ, ಬೇಕಾದಷ್ಟು ಗಾಳಿ ಬೆಳಕು. ಮೊದಲ ವಾರವೇ ಕಿಟಕಿಯ ಪಕ್ಕ ಅಮ್ಮನಿಗೆಂದೇ ಮಂಚ ಹಾಕಿಸಿ, ಕರೆತರಲು ಹೋದೆ. ದೇವರಾಣೆಗೂ ಈ ಸಲ ಬೇರೇನೂ ಮನಸ್ಸಿನಲ್ಲಿರಲಿಲ್ಲ. ಅವಳು ಬೇಕಾಗಿದ್ದಳು, ಅಷ್ಟೇ.

"ನಡಿಯಮ್ಮ, ಹೋಗೋಣ" ಎಂದೆ.

ಅಮ್ಮ ಏಕೆ ಎಂದೂ ಕೇಳದೆ ಎದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಚುಚ್ಚಬೇಕೆಂಬ ಆಸೆಯೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ, ಅತ್ತಿಗೆಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದಳು.

"ಮತ್ತೆ ಎಣಿಸೋಕೆ ಬರ್ತಾರಾ ಮಗಳೇ? ಈ ಸಲ ಏನಂತ ಹೇಳ್ಬೇಕು, ಮೊದಲೇ ಹೇಳ್ಕೊಡು."