ಒಂದೇ ಜೋಡಿಯ ಬೆಲೆ

"ಆ ಎರಡು ಡಬ್ಬಿ ಕೆಳಗಿಡು," ಎಂದರು ಯಜಮಾನರು. ಕೊನೆಯ ಹೊರೆ ಎತ್ತಿದ್ದ ಆಳು ಬಾಗಿಲಲ್ಲೇ ನಿಂತ. ಷೂ ಅಂಗಡಿಯ ಸರಕನ್ನು ಇಡಿಯಾಗಿ ಕೊಂಡಿದ್ದ ಸಗಟು ವ್ಯಾಪಾರಿ ಹುಬ್ಬು ಗಂಟಿಕ್ಕಿದ. "ಎಲ್ಲಾ ನನಗೇ ಅಂತ ಮಾತಾಗಿತ್ತಲ್ಲ ಸ್ವಾಮಿ?"

ಯಜಮಾನರ ಕಣ್ಣು ಮೆಟ್ಟಿಲು ಹತ್ತಿ ಬರುತ್ತಿದ್ದ ಹೊಲಿಗೆಯಾಕೆಯ ಮೇಲಿತ್ತು. ಚಿಕ್ಕಂದಿನ ಕಾಯಿಲೆಯಿಂದ ಆಕೆಯ ಎಡಗಾಲು ಸೊರಗಿತ್ತು. ಬಲಗಾಲಿಗೆ ಏಳನೇ ನಂಬರ್, ಎಡಗಾಲಿಗೆ ಐದು.

ಯಜಮಾನರಿಗೆ ಒಂದೇ ಅಂಗಡಿ ಇದ್ದ ಕಾಲದಲ್ಲಿ ಆಕೆ ಮೊದಲ ಸಲ ಬಂದು, ಎಡ ಷೂವಿನೊಳಗೆ ಬಟ್ಟೆಚೂರು ತುರುಕಿಕೊಂಡು ನಡೆದು ನೋಡುತ್ತಿದ್ದಳು. ನೋಡಲಾರದೆ ಅವರು ಎರಡು ಜೋಡಿ ಒಡೆದು ಆಕೆಗೊಂದು ಜೋಡಿ ಮಾಡಿ, ಒಂದರದ್ದೇ ದುಡ್ಡು ತೆಗೆದುಕೊಂಡರು; ಆಮೇಲೂ ಪ್ರತಿ ಸಲ ಹಾಗೇ ಮಾಡಿದರು. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಆಕೆ ಕಾಲು ಚಾಚಿ ತೋರಿಸಿದಳು. ಬೀದಿಗೆ ಬೀದಿಯೇ ಬಂತು. ಅಗ್ಗಕ್ಕೆ ಗಟ್ಟಿ ಷೂ ಸಿಗುತ್ತದೆಂಬ ಹೆಸರು ಊರೂರಿಗೆ ಹಬ್ಬಿ, ಒಂದು ಅಂಗಡಿ ಮೂವತ್ತಾಯಿತು. ಆಮೇಲೆ ಜನ ಇಲ್ಲಿ ಹಾಕಿ ನೋಡಿ, ಅಲ್ಲೇ ನಿಂತು ಫೋನಿನಲ್ಲಿ ಇನ್ನೂ ಅಗ್ಗಕ್ಕೆ ತರಿಸಿಕೊಳ್ಳತೊಡಗಿದರು. ಬಾಡಿಗೆಗಳು ಏರಿದವು. ಒಂದೊಂದೇ ಷಟರ್ ಇಳಿಯುತ್ತಾ ಬಂದು ಉಳಿದದ್ದು ಇದೊಂದೇ.

"ಮುಚ್ತಿದೀರಂತೆ, ಈಗಷ್ಟೇ ಗೊತ್ತಾಯ್ತು," ಎಂದಳು ಆಕೆ, ಏದುಸಿರಿನಲ್ಲಿ. "ಷೂಗೆ ಬಂದಿಲ್ಲ ಅಣ್ಣ. ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ."

"ಬಂದವಳನ್ನ ಹಾಗೇ ಕಳಿಸೋಕಾಗುತ್ತಾ? ಕೂತ್ಕೊಮ್ಮ."

ಕುರ್ಚಿಗಳೆಲ್ಲ ಆಗಲೇ ಲಾರಿ ಸೇರಿದ್ದವು. ಆಕೆ ಮೆಟ್ಟಿಲ ಮೇಲೆ ಕೂತಳು. ಯಜಮಾನರು ಡಬ್ಬಿ ಬಿಚ್ಚಿ ಏಳರ ಬಲ, ಐದರ ಎಡ ಎತ್ತಿಕೊಂಡರು.

"ಮಿಕ್ಕ ಒಂಟಿಗಳನ್ನ ನಾನೇನು ತಲೆ ಮೇಲೆ ಇಟ್ಕೊಳ್ಲಾ?" ವ್ಯಾಪಾರಿ ದನಿಯೇರಿಸಿದ. "ಹೀಗಾದ್ರೆ ಲಾರಿ ಖಾಲಿ ಮಾಡಿಸಿ ಹೊರಡ್ತೀನಿ."

ಹೊಲಿಗೆಯಾಕೆಯ ಮುಖ ಬಾಡಿತು. "ಅಣ್ಣ, ಮಿಕ್ಕಿದ್ದನ್ನ ಕಂಪನಿಗೆ ವಾಪಸ್ ಕೊಡ್ತೀರಿ ಅಂದ್ಕೊಂಡಿದ್ದೆ. ಇಷ್ಟು ವರ್ಷ ಏನ್ ಮಾಡಿದ್ರಿ?"

"ನಿನ್ನ ಉಲ್ಟಾ ಕಾಲಿನವರು ಒಬ್ರಾದ್ರೂ ಬರ್ತಾರೆ ಅಂತ ಕಾದೆ. ಪುಣ್ಯಾತ್ಮರು ಬರ್ಲೇ ಇಲ್ಲ," ಯಜಮಾನರು ನಕ್ಕರು.

ಆಕೆ ನಗಲಿಲ್ಲ. "ಒಂದು ಮಾತು ಹೇಳ್ಬಾರ್ದಿತ್ತಾ? ಈ ಋಣ ಹೇಗೆ ತೀರಿಸ್ಲಿ?"

"ಯಾರ ಋಣ ಯಾರಿಗೆ? ನನ್ನ ಮನೆ, ಮಗಳ ಓದು, ಎಲ್ಲಾ ನೀನು ಕಳಿಸಿದ ಜನ ಕೊಟ್ಟಿದ್ದು. ಮೂವತ್ತು ಅಂಗಡಿ ಹೋದ್ವು, ಹೋಗ್ಲಿ. ಇದ್ವಲ್ಲ! ಕಾಲು ಕೊಡು."

"ಅಯ್ಯೋ, ನೀವು ಹಿರಿಯರು..." ಎನ್ನುವಷ್ಟರಲ್ಲಿ ಅವರು ಮಂಡಿಯೂರಿ ಲೇಸು ಕಟ್ಟುತ್ತಿದ್ದರು.

ವ್ಯಾಪಾರಿ ಸ್ವಲ್ಪ ಹೊತ್ತು ನೋಡಿದ. "ಎರಡು ಡಬ್ಬಿ ತಾನೆ, ಬಿಡು. ಹಗ್ಗ ಬಿಗಿ," ಎಂದು ಆಳಿಗೆ ಹೇಳಿ ಲಾರಿಯತ್ತ ಹೋದ.

ಆಕೆ ಎದ್ದು, ಕಾಲಿನ ಕಡೆ ನೋಡದೆ ರಸ್ತೆ ದಾಟಿದಳು. ಆಚೆ ಬದಿ ತಲುಪಿ, ತಿರುಗಿ ಕೈಯೆತ್ತಿದಳು. ಯಜಮಾನರು ಎರಡೂ ಕೈ ಎತ್ತಿದರು. ಒಂದೊಂದು ಕೈಯಲ್ಲೂ ಒಂದೊಂದು ಒಂಟಿ ಷೂ ಇತ್ತು.