ಇಬ್ಬರನ್ನೂ ಬೇರೆ ಬೇರೆ ಕೇಳಿ

ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಕೇಳಿದರೆ ಒಬ್ಬರ ಬಾಯಲ್ಲೇ ಇಬ್ಬರ ಉತ್ತರವೂ ಬರುತ್ತದೆ, ಬೇರೆ ಬೇರೆ ಕೇಳಿ ಎಂದು ಹಣಕಾಸು ಸಲಹೆಯ ತರಗತಿಯಲ್ಲಿ ಮೇಷ್ಟ್ರು ದಿನವೂ ನಮ್ಮ ತಲೆ ತಿನ್ನುತ್ತಿದ್ದರು. ಅಭ್ಯಾಸಕ್ಕೆ ಮನೆಯವರನ್ನೇ ಗ್ರಾಹಕರನ್ನಾಗಿ ಮಾಡಿಕೊಳ್ಳಿ ಎಂದೂ ಹೇಳಿದರು. ಸರಿ, ಅಪ್ಪ ಅಮ್ಮ ಇದ್ದಾರಲ್ಲ!

ಮೊದಲು ಅಪ್ಪ ನನ್ನ ಕೋಣೆಗೆ ಬಂದರು. ಆಫೀಸಿಗೆ ಹೊರಟವರಂತೆ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

"ರಿಟೈರ್ ಆದ್ಮೇಲೆ ಹೇಗಿರ್ಬೇಕು ಅಂದ್ಕೊಂಡಿದ್ದೀರಿ?" ಎಂದೆ.

"ಸಮುದ್ರದ ಹತ್ರ ಒಂದು ಪುಟ್ಟ ಮನೆ. ನಾನು, ನಿಮ್ಮಮ್ಮ. ಅಷ್ಟು ಸಾಕಮ್ಮ," ಎಂದು ನಾಚಿಕೊಂಡರು.

ಆಮೇಲೆ ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದವಳೇ ಬಾಗಿಲು ಹಾಕಿದಳು. "ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ ತಾನೇ?"

"ಹೋಗಲ್ಲ. ಅದೇ ನಮ್ಮ ಮೊದಲನೇ ನಿಯಮ," ಎಂದು ದೊಡ್ಡಸ್ತಿಕೆ ತೋರಿಸಿ, ಅದೇ ಪ್ರಶ್ನೆ ಕೇಳಿದೆ.

"ಒಂದು ರೂಮು. ಕಿಟಕಿ ಇರ್ಬೇಕು. ಬೀಗದ ಕೈ ಒಂದೇ ಇರ್ಬೇಕು, ಅದು ನನ್ನ ಹತ್ರ ಇರ್ಬೇಕು."

"ಅಪ್ಪ?"

"ಅವರಿಗೆ ಬೇರೆ ಪ್ಲಾನ್ ಮಾಡು."

ನಾನು ನಕ್ಕೆ. ಅವಳು ನಗಲಿಲ್ಲ.

"ಜಗಳ ಆಯ್ತಾ?"

"ಇಲ್ವಲ್ಲೇ. ಪಾಪ, ಅವರು ಒಳ್ಳೆಯವರೇ. ಇಷ್ಟು ವರ್ಷ ನನ್ನನ್ನ ಯಾರೂ ಕೇಳಿರ್ಲಿಲ್ಲ. ನೀನು ಕೇಳಿದೆ, ನಾನು ಹೇಳಿದೆ." ಎದ್ದು ಅಡುಗೆಮನೆಗೆ ಹೋದಳು.

ಹಾಳು ಪ್ರಶ್ನೆ! ಕೇಳುವುದನ್ನು ಕಲಿಸಿದ ಮೇಷ್ಟ್ರು, ಉತ್ತರ ಬಂದ ಮೇಲೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ಕಲಿಸಿರಲಿಲ್ಲ.

ಬಾಗಿಲ ಸಂದಿಯಲ್ಲಿ ಅಪ್ಪನ ತಲೆ ಕಾಣಿಸಿತು. ಬಾಚಿದ ಕೂದಲು ಒಂದೂ ಕದಲಿರಲಿಲ್ಲ.

"ಅವಳೂ ಸಮುದ್ರ ಅಂತಾನೇ ಅಂದ್ಲಾ?" ಎಂದು ಪಿಸುಗುಟ್ಟಿದರು.