ಹರಕೆಯ ಮರಿಯ ಕೊಂಬು

"ಒಂದ್ಕಡ ಸುಟ್ಟು ಇನ್ನೊಂದ್ಕಡ ಬುಟ್ಬುಡಿ ಸಾ," ಎಂದಳು ಮುದ್ದಮ್ಮ, ಮಡಿಲಲ್ಲಿದ್ದ ಆಡಿನ ಮರಿಯ ತಲೆಗೆ ಸೆರಗು ಮುಚ್ಚಿ.

ದನದ ಡಾಕ್ಟರು ಕಾಂತರಾಜು ಕತ್ತರಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಚಿಕ್ಕಯ್ಯನಛತ್ರದಿಂದ ಬೈಕಿನಲ್ಲಿ ಹೆಮ್ಮರಗಾಲಕ್ಕೆ ಬಂದು ಇಂಥ ಮಾತು ಕೇಳಿದ್ದು ಇದೇ ಮೊದಲು. "ಒಂಟಿ ಕೊಂಬು ಇಟ್ಕೊಂಡು ಏನ್ ಮಾಡ್ತೀಯವ್ವ?"

ಅದು ಮುದ್ದಮ್ಮನಿಗೂ ಗೊತ್ತಿರಲಿಲ್ಲ. ಬೆಳಗಿನಿಂದ ಅವಳ ತಲೆಯೊಳಗೆ ಎಲ್ಲವೂ ಕಲಸುಮೇಲೋಗರ. ಹೋದ ವರ್ಷ ಮನೆಯ ಆಡು ತಲೆ ಕೊಡವಿದ ರಭಸಕ್ಕೆ ಕೊಂಬಿನ ತುದಿ ಮೊಮ್ಮಗಳ ಹುಬ್ಬನ್ನು ಸೀಳಿತ್ತು. ಕಣ್ಣೊಂದು ಉಳಿಸು ತಾಯಿ, ಈ ಆಡು ಹಾಕುವ ಮೊದಲ ಹೋತದ ಮರಿ ನಿನ್ನದು ಎಂದು ಆಸ್ಪತ್ರೆಯ ಬಾಗಿಲಲ್ಲೇ ಮಾರಮ್ಮನಿಗೆ ಹರಕೆ ಹೊತ್ತಿದ್ದಳು. ಕಣ್ಣು ಉಳಿಯಿತು, ಹೋತವೂ ಹುಟ್ಟಿತು. ಹರಕೆಯ ಮರಿ ಕುಂಟಬಾರದು, ಕಿವಿ ಹರಿದಿರಬಾರದು, ಕೊಂಬಿಲ್ಲದಿದ್ದರಂತೂ ಗುಡಿಯವರು ಮುಟ್ಟುವುದೇ ಇಲ್ಲ. ಆದರೆ ಕೊಂಬು ಬಿಟ್ಟರೆ, ಒಪ್ಪಿಸುವಷ್ಟು ಬೆಳೆಯುವ ತನಕ ಅದು ಅದೇ ಮಗುವಿನ ಜೊತೆ ಅದೇ ಅಂಗಳದಲ್ಲಿ ಇರಬೇಕು. ಕಣ್ಣಿಗೆಂದು ಹೊತ್ತ ಹರಕೆ ಈಗ ಕಣ್ಣಿಗೇ ಕುತ್ತು ತರುವಂತಿತ್ತು.

"ಒಂದ್ಕೊಂಬು ಮಗೀಗ, ಒಂದು ಮಾರಮ್ಮಗ. ಸರೋಯ್ತಲ್ವಾ ಸಾ?"

ಸೊಸೆ ಪವಿತ್ರ ಸಿಡುಕಿದಳು. "ಯಾನತ್ತ, ಆಸ್ತಿ ಪಾಲಾ ಇದು? ಒಳಗ ಮಗು ಎದ್ಬುಟ್ರ ಓಡ್ಬತ್ತದ. ಬಿರ್ನ ಒಂದ್ ಮಾತೇಳಿ."

"ಈಗ ಕೊಂಬು ಮೊಗ್ಗಿನಷ್ಟಿದೆ," ಎಂದರು ಡಾಕ್ಟರು. "ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸುಟ್ಬಿಡ್ತೀನಿ. ಬೆಳೆದ್ಮೇಲೆ ಕೊಯ್ಯೋಕೆ ಹೋದ್ರೆ ರಕ್ತ ನಿಲ್ಲಲ್ಲ."

ಮುದ್ದಮ್ಮ "ಊಂ" ಎಂದಳು. ಕರೆಂಟಿಗೆ ಸಿಕ್ಕಿಸಿದ ಕಬ್ಬಿಣ ಕಾಯುವುದನ್ನು ಕಂಡು "ಬ್ಯಾಡ" ಎಂದಳು. ಒಂದು ಸೂಚನೆ ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಮಾರಮ್ಮನ ಮೇಲೆಯೇ ರೇಗಿ, ಮರುಗಳಿಗೆ ಕೆನ್ನೆ ಬಡಿದುಕೊಂಡಳು. ಮರಿ ಇದ್ಯಾವುದರ ಗೊಡವೆಯಿಲ್ಲದೆ ಅವಳ ಬೆರಳು ಚೀಪುತ್ತಿತ್ತು.

ಒಳಗೆ ಮಗು ಕೆಮ್ಮಿದ ಸದ್ದಾಯಿತು. ಮುದ್ದಮ್ಮ ಸೆರಗು ತೆಗೆದಳು. "ಎಲ್ಡೂ ಸುಡಿ ಸಾ. ಮಾರಮ್ಮ ಮುನುದ್ರ ನನ್ಮ್ಯಾಲ ಮುನ್ಕೊಳ್ಲಿ."

ಡಾಕ್ಟರು ಕೂದಲು ಕತ್ತರಿಸಿ, ಇಂಜೆಕ್ಷನ್ ಚುಚ್ಚಿ, ಜಾಗ ಮರಗಟ್ಟುವ ತನಕ ಕಾದರು. ಆಮೇಲೆ ಕಬ್ಬಿಣವನ್ನು ಒತ್ತಿ, ತಡಮಾಡದೆ ಎತ್ತಿದರು. ಸುಟ್ಟ ಕೂದಲಿನ ವಾಸನೆಗೆ ಮುದ್ದಮ್ಮ ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಕಡೆಯೂ ಆಯಿತು.

ಡಾಕ್ಟರ ಬೈಕು ತಿರುವು ದಾಟುವಷ್ಟರಲ್ಲಿ ಮೊಮ್ಮಗಳು ಎದ್ದು ಬಂದು ಮರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅಜ್ಜಿ, ಇದು ಇನ್ನೂ ಮಾರಮ್ಮುನ್ ಮರೀನಾ?"

ಮಗು ಮರಿಯ ಮೂತಿಗೆ ಮುಖ ತಂದು ಎರಡೂ ಕಣ್ಣರಳಿಸಿ ನೋಡುತ್ತಿತ್ತು. ಹಿಂದಕ್ಕೆಳೆಯಲೆಂದು ತಾನಾಗಿಯೇ ಚಾಚಿದ ಮುದ್ದಮ್ಮನ ಕೈ, ಇನ್ನು ಕೊಂಬಿನ ಭಯವಿಲ್ಲವೆಂದು ನೆನಪಾಗಿ ನಡುವೆಯೇ ನಿಂತಿತು. ಅದನ್ನು ಗುಡಿಯ ದಿಕ್ಕಿಗೆ ಮುಗಿಯಲು ಎತ್ತಿದಳು, ಧೈರ್ಯ ಸಾಲಲಿಲ್ಲ. ಕೊನೆಗೆ ಮರಿಯ ಕಿವಿಯನ್ನು ಮೆಲ್ಲಗೆ ಸವರುತ್ತ ಕೂತಳು.